ಒಂದು ಮುರುಕು ಹೂಜಿಯ ಕಥೆ

ಹಳೆಯ ಮನೆಯನ್ನು ಕೆಡವಿ ಹೊಸದು ಕಟ್ಟಿಸುವಾಗ ಅಟ್ಟದಿಂದ ಏನೇನೋ ಕೆಳಗಿಳಿಯುತ್ತದೆ. ಅಜ್ಜಿ ಉಪ್ಪಿನಕಾಯಿ ಹಾಕುತ್ತಿದ್ದ ಪಿಂಗಾಣಿ ಭರಣಿ, ಕಾಳು ತುಂಬಿಡುತ್ತಿದ್ದ ಮಣ್ಣಿನ ಹರವಿ, ಗಾಜು ಒಡೆದ ಕಟ್ಟಿನೊಳಗಿನ ಹಳೆಯ ಅಚ್ಚಿನ ಚಿತ್ರ. "ಇದನ್ನೆಲ್ಲ ಇಟ್ಟುಕೊಂಡು ಏನು ಮಾಡುವುದು?" ಎಂದು ಮನೆಯವರೇ ಕೇಳುತ್ತಾರೆ. ಮರುದಿನ ಹಳೆಯ ಸಾಮಾನಿನವನು ಬಂದು ಹೊತ್ತುಕೊಂಡು ಹೋಗುತ್ತಾನೆ. ಕೆಲವು ವರ್ಷಗಳ ಮೇಲೆ ಅಂಥದೇ ಭರಣಿ ಪೇಟೆಯ ಅಂಗಡಿಯಲ್ಲಿ ದೊಡ್ಡ ಬೆಲೆಯ ಚೀಟಿ ಅಂಟಿಸಿಕೊಂಡು ಕುಳಿತಿರುವುದನ್ನು ಕಂಡು ಕೈ ಕೈ ಹಿಸುಕಿಕೊಳ್ಳುತ್ತೇವೆ.

ಹಾಗಾದರೆ ಹಳೆಯದನ್ನೆಲ್ಲ ಕೂಡಿಡಬೇಕೆ? ಕೂಡಿಡುವ ಆಸೆಗೆ ಕೊನೆಯಿದೆಯೆ? ಸಂಗ್ರಹ ಎಲ್ಲಿ ಮುಗಿದು ಪರಿಗ್ರಹ ಎಲ್ಲಿ ಆರಂಭವಾಗುತ್ತದೆ? ಈ ಪ್ರಶ್ನೆಗೆ ಜಪಾನಿನ ಮೂವರು ತಮ್ಮ ಬಾಳಿನಿಂದಲೇ ಕೊಟ್ಟ ಉತ್ತರವೊಂದಿದೆ.

ಚಿತ್ರ ಕೊಟ್ಟು ಶಿಲ್ಪ ಪಡೆದವರು

1910ರಲ್ಲಿ ಟೋಕಿಯೊದ ಕೆಲವು ಯುವಕರು 'ಶಿರಕಾಬ' ಎಂಬ ಪತ್ರಿಕೆಯನ್ನು ಆರಂಭಿಸಿದರು. ಅವರಲ್ಲೊಬ್ಬ 21 ವರ್ಷದ ಯಾನಗಿ ಸೊಯೆತ್ಸು. ಇವರಿಗೆಲ್ಲ ಫ್ರಾನ್ಸಿನ ಮಹಾಶಿಲ್ಪಿ ರೋದಾಂ ಮೇಲೆ ಅಪಾರ ಭಕ್ತಿ. ಆತನ 70ನೆಯ ಹುಟ್ಟುಹಬ್ಬಕ್ಕೆ ವಿಶೇಷ ಸಂಚಿಕೆ ತಂದರು. ತಮ್ಮ ನಾಡಿನ ಹಳೆಯ ಮರದಚ್ಚಿನ ಚಿತ್ರಗಳನ್ನು, ಅಂದರೆ 'ಉಕಿಯೊ-ಎ' ಚಿತ್ರಗಳನ್ನು, ಕಾಣಿಕೆಯಾಗಿ ಕಳುಹಿಸಿದರು. ಅದಕ್ಕೆ ಪ್ರತಿಯಾಗಿ 1911ರ ಕೊನೆಯಲ್ಲಿ ರೋದಾಂನ ಮೂರು ಪುಟ್ಟ ಕಂಚಿನ ಶಿಲ್ಪಗಳು ಜಪಾನಿಗೆ ಬಂದವು.

ಆ ಶಿಲ್ಪಗಳನ್ನು ಕಣ್ಣಾರೆ ಕಾಣಬೇಕೆಂದು 1914ರಲ್ಲಿ ಒಬ್ಬ ಶಾಲಾ ಉಪಾಧ್ಯಾಯರು ಯಾನಗಿಯ ಮನೆಗೆ ಬಂದರು. ಹೆಸರು ಅಸಾಕಾವ ನೊರಿತಾಕ. ಅವರು ಕೊರಿಯಾದಲ್ಲಿ ಪಾಠ ಹೇಳುತ್ತಿದ್ದವರು. ಬರಿಗೈಯಲ್ಲಿ ಹೋಗಬಾರದೆಂದು ಅಲ್ಲಿಯ ಬಿಳಿಯ ಪಿಂಗಾಣಿಯನ್ನು ಉಡುಗೊರೆಯಾಗಿ ತಂದಿದ್ದರು. ಅದರಲ್ಲೊಂದು ಮೂಲತಃ ಸೋರೆಬುರುಡೆಯ ಆಕಾರದ ಹೂಜಿ. ಮೇಲ್ಭಾಗ ಹೋಗಿ ಕೆಳಗಿನ ಅರ್ಧ ಮಾತ್ರ ಉಳಿದಿತ್ತು. ಎತ್ತರ ಒಂದು ಗೇಣಿಗೂ ಕಡಿಮೆ. ಪಟ್ಟೆ ಪಟ್ಟೆಯಾಗಿ ಕೆತ್ತಿದ ಮೈ, ಅದರ ಮೇಲೆ ನೀಲಿ ಬಣ್ಣದ ಹುಲ್ಲುಗರಿಗಳು. ಅಷ್ಟೇ.

ಆ ಮುರುಕು ಹೂಜಿ ಯಾನಗಿಯ ಬದುಕಿನ ದಿಕ್ಕನ್ನೇ ತಿರುಗಿಸಿತು. ಪಶ್ಚಿಮದ ಕಲೆಯನ್ನು ಆರಾಧಿಸುತ್ತಿದ್ದ ಕಣ್ಣು ನೆರೆಯ ನಾಡಿನ ಹೆಸರಿಲ್ಲದ ಕುಂಬಾರನ ಕೈಕೆಲಸದತ್ತ ಹೊರಳಿತು. 1916ರಲ್ಲಿ ಆತ ಮೊದಲ ಬಾರಿಗೆ ಕೊರಿಯಾಕ್ಕೆ ಹೊರಟ.

ಕೂಲಿಕಾರರ ನಡುವಿನ ಸಂಗ್ರಾಹಕ

ಆಗಿನ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. 1910ರಿಂದ ಕೊರಿಯಾ ಜಪಾನಿನ ಆಳ್ವಿಕೆಗೆ ಸಿಕ್ಕಿತ್ತು. ಸಿರಿವಂತ ಸಂಗ್ರಾಹಕರು ಬೆನ್ನು ಹತ್ತಿದ್ದು ಪ್ರಾಚೀನ ಗೋರಿಯೊ ಕಾಲದ ಹಸಿರು ಪಿಂಗಾಣಿಯನ್ನು. ಅದಕ್ಕಾಗಿ ಹಳೆಯ ಸಮಾಧಿಗಳನ್ನೇ ಅಗೆದು ದೋಚಲಾಗುತ್ತಿತ್ತು. ಅದರ ಅನಂತರದ ಜೋಸನ್ ಅರಸರ ಕಾಲದ ಬಿಳಿಯ ಪಾತ್ರೆಗಳನ್ನು ಕೇಳುವವರು ಕಡಿಮೆ. ಅವು ಮನೆ ಮನೆಯ ಅಡಿಗೆಯ ಕೋಣೆಯಲ್ಲಿದ್ದ ವಸ್ತುಗಳು.

ಅವುಗಳ ಮೇಲೆ ಪ್ರೀತಿಯಿಟ್ಟವರು ನೊರಿತಾಕ ಮತ್ತು ಅವರ ತಮ್ಮ ತಾಕುಮಿ. ಅಣ್ಣ ಹಳೆಯ ಕುಂಬಾರಿಕೆಯ ಆವಿಗೆಗಳನ್ನು ಹುಡುಕುತ್ತ ಕೊರಿಯಾದ ಉದ್ದಗಲಕ್ಕೂ ಅಲೆದರು. ಅವರು ಶೋಧಿಸಿದ ಆವಿಗೆಯ ನೆಲೆಗಳು ಸುಮಾರು 700. ಒಡೆದ ಚೂರುಗಳಿಂದಲೇ ಯಾವ ಕಾಲದಲ್ಲಿ ಯಾವ ಊರಿನಲ್ಲಿ ಎಂಥ ಪಾತ್ರೆ ಆಗುತ್ತಿತ್ತೆಂದು ತಿಳಿದರು.

ತಮ್ಮ ತಾಕುಮಿ ಅರಣ್ಯ ಇಲಾಖೆಯ ಸಾಮಾನ್ಯ ನೌಕರ. ಬೋಳಾದ ಗುಡ್ಡಗಳಲ್ಲಿ ಮತ್ತೆ ಮರ ಬೆಳೆಸುವುದು ಆತನ ಕೆಲಸ. ಆಳುವವರ ಕುಲದವನಾದರೂ ಕೊರಿಯದ ಭಾಷೆ ಕಲಿತ, ಅಲ್ಲಿಯವರ ಬಿಳಿಯ ಉಡುಪನ್ನೇ ತೊಟ್ಟ. ತನ್ನ ಚಿಕ್ಕ ಸಂಬಳದಲ್ಲೇ ಬಡ ವಿದ್ಯಾರ್ಥಿಗಳಿಗೆ ನೆರವಾದ. ಸಂತೆಯಲ್ಲಿ ಊಟದ ಮಣೆ, ತಟ್ಟೆ, ಬಟ್ಟಲುಗಳನ್ನು ಕೊಂಡು, ಅವುಗಳ ಹೆಸರೇನು, ಬಳಕೆ ಹೇಗೆ ಎಂದು ಜನರ ಬಾಯಿಂದಲೇ ಕೇಳಿ ಬರೆದುಕೊಂಡ. ಊಟದ ಮಣೆಗಳ ಮೇಲೆ 1929ರಲ್ಲಿ ಒಂದು ಪುಸ್ತಕ ತಂದ. ಪಾತ್ರೆಗಳ ಹೆಸರುಗಳ ಮೇಲೆ ಬರೆದದ್ದು ಆತ ತೀರಿಕೊಂಡ ಮೇಲೆ ಅಚ್ಚಾಯಿತು. ವಸ್ತುವಿನ ಜತೆಗೆ ಅದರ ಹೆಸರನ್ನೂ ಉಳಿಸಿದ್ದು ಆತನ ಹಿರಿಮೆ.

ಹುಟ್ಟಿದ ನೆಲದಲ್ಲೇ ಉಳಿಯಲಿ

1919ರ ಮಾರ್ಚ್‌ನಲ್ಲಿ ಕೊರಿಯದ ಜನ ಸ್ವಾತಂತ್ರ್ಯಕ್ಕಾಗಿ ಎದ್ದು ನಿಂತಾಗ ಸರ್ಕಾರ ಅವರನ್ನು ಕ್ರೂರವಾಗಿ ದಮನ ಮಾಡಿತು. ಯಾನಗಿ ಸುಮ್ಮನಿರಲಿಲ್ಲ. ಟೋಕಿಯೊದ ದಿನಪತ್ರಿಕೆಯಲ್ಲಿ ಕೊರಿಯದವರ ಪರವಾಗಿ ಬರೆದ. 1922ರಲ್ಲಿ ಸೋಲ್ ನಗರದ ಅರಮನೆಯ ಹೆಬ್ಬಾಗಿಲು ಗ್ವಾಂಗ್‌ಹ್ವಾಮುನ್ ಅನ್ನು ಕೆಡವುವ ಯೋಚನೆ ನಡೆದಾಗ ಅದನ್ನು ಪ್ರತಿಭಟಿಸಿ ಮತ್ತೆ ಬರೆದ. ಕೊನೆಗೆ ಹೆಬ್ಬಾಗಿಲು ನೆಲಸಮವಾಗಲಿಲ್ಲ, ಬೇರೆ ಕಡೆಗೆ ಸ್ಥಳಾಂತರವಾಯಿತು.

ಅಸಾಕಾವ ಸಹೋದರರೂ ಯಾನಗಿಯೂ ಕೂಡಿ ಒಂದು ತೀರ್ಮಾನಕ್ಕೆ ಬಂದರು. ಸಂಗ್ರಹಿಸಿದ ವಸ್ತುಗಳನ್ನು ಟೋಕಿಯೊಗೆ ಒಯ್ಯುವುದು ಬೇಡ, ಅವು ಹುಟ್ಟಿದ ನೆಲದಲ್ಲೇ ಇರಲಿ ಎಂದು. ಯಾನಗಿಯ ಪತ್ನಿ ಕನೆಕೊ ಹೆಸರಾಂತ ಗಾಯಕಿ. ಆಕೆ ಕೊರಿಯದಲ್ಲಿ ಸಂಗೀತ ಕಚೇರಿಗಳನ್ನು ನಡೆಸಿ ಈ ಕಾರ್ಯಕ್ಕೆ ಹಣ ಕೂಡಿಸಿದಳು. 1924ರಲ್ಲಿ ಅದೇ ಅರಮನೆಯ ಒಂದು ಮಂದಿರದಲ್ಲಿ ಕೊರಿಯದ ಜನಪದ ಕಲೆಯ ವಸ್ತುಸಂಗ್ರಹಾಲಯ ತೆರೆಯಿತು. 1945ರಲ್ಲಿ ಜಪಾನೀಯರು ಆ ನಾಡನ್ನು ಬಿಟ್ಟು ಹೋದರೂ ವಸ್ತುಗಳು ಹೋಗಲಿಲ್ಲ. ಕಾಲಕ್ರಮದಲ್ಲಿ ಅವು ಕೊರಿಯದ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ಸೇರಿದವು.

ತಾಕುಮಿ 1931ರ ಏಪ್ರಿಲ್ 2ರಂದು ನ್ಯುಮೋನಿಯಾದಿಂದ ತೀರಿಕೊಂಡ. ವಯಸ್ಸು ಕೇವಲ 40. ಆತನ ಶವಕ್ಕೆ ಹೆಗಲು ಕೊಟ್ಟವರು ಕೊರಿಯದ ನೆರೆಹೊರೆಯವರು. ಸೋಲ್ ನಗರದ ಮಾಂಗುರಿ ಸ್ಮಶಾನದಲ್ಲಿ ಆತನ ಸಮಾಧಿಯನ್ನು ಅಲ್ಲಿಯ ಜನ ಇಂದಿಗೂ ಜೋಪಾನ ಮಾಡುತ್ತಾರೆ. ಪಕ್ಕದಲ್ಲಿ ಗಡಿಗೆಯ ಆಕಾರದ ಒಂದು ಕಲ್ಲಿದೆ.

ಯಾನಗಿಯನ್ನು ಒಪ್ಪದವರೂ ಇದ್ದಾರೆ. ಕೊರಿಯದ ಕಲೆಯಲ್ಲಿ ಆತ ದುಃಖದ ಸೌಂದರ್ಯವನ್ನೇ ಕಂಡದ್ದು ಆಳುವವರ ಕನಿಕರದ ನೋಟವೆಂದು ಕೊರಿಯದ ವಿದ್ವಾಂಸರು ಮುಂದೆ ಆಕ್ಷೇಪಿಸಿದರು. ಆ ಮಾತಿನಲ್ಲಿ ಹುರುಳಿದೆ. ಪ್ರೀತಿಸುವವನ ಕಣ್ಣಿಗೂ ಪೊರೆ ಇರಬಹುದು.

ಹೊಸದನ್ನೂ ಕಂಡ ಕಣ್ಣು

ಹಳೆಯದನ್ನು ಕೂಡಿಸುವವರು ಹೊಸದನ್ನು ಕಡೆಗಣಿಸುತ್ತಾರೆಂಬ ದೂರು ಯಾನಗಿಗೆ ಸಲ್ಲದು. ದಿನಬಳಕೆಯ ಚೆಲುವಿಗೆ 'ಮಿಂಗೆಯಿ' ಎಂಬ ಹೆಸರನ್ನು ಆತ ಕುಂಬಾರ ಗೆಳೆಯರಾದ ಹಮಾದ ಮತ್ತು ಕವಾಯಿಯರೊಡನೆ 1925ರಲ್ಲಿ ಟಂಕಿಸಿದ. ಒಬ್ಬ ಉದ್ಯಮಿಯ ದೇಣಿಗೆಯಿಂದ 1936ರಲ್ಲಿ ಟೋಕಿಯೊದಲ್ಲಿ ಮಿಂಗೆಯಿ ವಸ್ತುಸಂಗ್ರಹಾಲಯ ತೆರೆಯಿತು. ಅದೇ ವರ್ಷ ಮುನಕತ ಷಿಕೊ ಎಂಬಾತ ಪ್ರದರ್ಶನಕ್ಕಿಟ್ಟ ಮರದಚ್ಚಿನ ಚಿತ್ರಗಳನ್ನು ಯಾನಗಿ ಈ ಸಂಗ್ರಹಾಲಯಕ್ಕೆಂದು ಕೊಂಡುಕೊಂಡ. ಮುನಕತ ಕಮ್ಮಾರನ ಮಗ. ದೃಷ್ಟಿ ಬಲು ಮಂದ. ಮರದ ಹಲಗೆಗೆ ಮುಖ ತಾಗಿಸಿಯೇ ಕೆತ್ತುತ್ತಿದ್ದ. ಅದೇ ಮುನಕತ 1956ರಲ್ಲಿ ವೆನಿಸ್‌ನ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಮುದ್ರಣಕಲೆಯ ಪರಮ ಪ್ರಶಸ್ತಿಯನ್ನು ಪಡೆದ.

ನಾವೇನು ಮಾಡಬಹುದು?

ನಾವೆಲ್ಲ ವಸ್ತುಸಂಗ್ರಹಾಲಯ ಕಟ್ಟಬೇಕಾಗಿಲ್ಲ. ಅಟ್ಟದ ಭರಣಿಯನ್ನು ಕೊಡುವ ಮುನ್ನ ಮನೆಯ ಹಿರಿಯರನ್ನು ಕೂಡಿಸಿ ಕೇಳೋಣ: ಇದರ ಹೆಸರೇನು? ಎಲ್ಲಿಂದ ಬಂತು? ಇದರಲ್ಲಿ ಏನು ಇಡುತ್ತಿದ್ದರು? ಅವರ ಮಾತನ್ನು ಮಕ್ಕಳ ಕೈಯಿಂದಲೇ ಒಂದು ಚೀಟಿಯಲ್ಲಿ ಬರೆಯಿಸಿ ಪಾತ್ರೆಯೊಳಗೆ ಇಡೋಣ. ಗಡಿನಾಡಿನ ನಮ್ಮ ಮನೆಗಳಲ್ಲಿ ಒಂದೇ ಗಡಿಗೆಗೆ ಎರಡು ಮೂರು ಭಾಷೆಯ ಹೆಸರುಗಳಿರುತ್ತವೆ, ಅವೆಲ್ಲವನ್ನೂ ಬರೆಯಿಸೋಣ. ಬಳಸಲು ಬರುವುದನ್ನು ಬಳಸೋಣ. ನಮ್ಮಲ್ಲಿ ಉಳಿಯಲಾರದ್ದನ್ನು ಆ ಊರಿನಲ್ಲೇ, ಅದನ್ನು ಬಲ್ಲವರ ಕೈಗೆ ಒಪ್ಪಿಸೋಣ.

ನೊರಿತಾಕ ತಂದ ಆ ಮುರುಕು ಹೂಜಿ ಇಂದು ಟೋಕಿಯೊದ ಸಂಗ್ರಹಾಲಯದಲ್ಲಿದೆ. ಅದು ಬೆಲೆ ಕೊಟ್ಟು ತಂದು ಬಚ್ಚಿಟ್ಟ ವಸ್ತುವಲ್ಲ, ಒಬ್ಬರು ಇನ್ನೊಬ್ಬರ ಕೈಗಿಟ್ಟ ಉಡುಗೊರೆ.