ಹೊಲಕ್ಕೂ ಹಂಗಾಮು, ಶಾಲೆಗೂ ಹಂಗಾಮು

ಮೃಗಶಿರ ಮಳೆ ಬಿತ್ತು ಅಂದರೆ ನಮ್ಮ ಕಡೆ ಯಾರೂ ಸುಮ್ಮನೆ ಕೂಡುವುದಿಲ್ಲ. ಗಂಡಸರು ಕೂರಿಗೆ ಹೂಡುತ್ತಾರೆ. ನಾವು ಬೀಜ ಹಸನು ಮಾಡುತ್ತೇವೆ. ಅದೇ ಹೊತ್ತಿಗೆ ಶಾಲೆಯ ಗಂಟೆಯೂ ಕೇಳುತ್ತದೆ. ಬೇಸಿಗೆ ರಜೆ ಮುಗಿಯಿತು. ಮಕ್ಕಳು ಶಾಲೆ ಬಾಗಿಲಿಗೆ ಮಾವಿನ ತೋರಣ ಕಟ್ಟುತ್ತಾರೆ. ಮೊದಲ ದಿನದ ಊಟಕ್ಕೆ ಸಿಹಿ ಇರುತ್ತದೆ. ಹೊಲದ ವರ್ಷ, ಶಾಲೆಯ ವರ್ಷ ಎರಡೂ ಒಟ್ಟಿಗೇ ಶುರು.

ಆದರೆ ಹೊಲವೂ ಶಾಲೆಯೂ ಒಂದೇ ಮಗುವನ್ನು ಕರೆದರೆ ಏನು ಮಾಡುವುದು? ಅಕ್ಕತಂಗಿಯರೇ, ಅದನ್ನೇ ಇಲ್ಲಿ ಮಾತಾಡೋಣ.

ನಾವು ರಾಯಚೂರು, ಕೊಪ್ಪಳ ಕಡೆಯವರು. ಮಳೆ ನಂಬಿದ ಹೊಲ ನಮ್ಮದು. ತೊಗರಿ, ಜೋಳ, ಹತ್ತಿ ಬೆಳೆಯುತ್ತೇವೆ. ದೊಡ್ಡವರಾದ ಮೇಲೆ ಅಕ್ಷರ ಕಲಿತವರು ನಮ್ಮಲ್ಲೂ ಇದ್ದಾರೆ.

ಮಳೆಗಾಲದಲ್ಲಿ ಶಾಲೆ ನೋಡಲು ಚೆಂದ. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಮಣ್ಣಿನ ಎತ್ತು ಮಾಡಿ ತರುತ್ತಾರೆ. ಜುಲೈ ತಿಂಗಳಲ್ಲಿ ವನಮಹೋತ್ಸವ ಅಂತ ಸಸಿ ನೆಡುತ್ತಾರೆ. ಬೇಲಿ ಹಾಕದೆ ನೆಟ್ಟರೆ ಅದು ಆಡಿಗೆ ಹಬ್ಬ, ಆ ಮಾತು ಬೇರೆ. ಪಂಚಮಿಗೆ ಜೋಕಾಲಿ. ಆಗಸ್ಟ್ 15ಕ್ಕೆ ಮಕ್ಕಳು ಬಾವುಟ ಹಿಡಿದು ಓಣಿ ಓಣಿ ಸುತ್ತುತ್ತಾರೆ. ನಾವು ಕೈಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತೇವೆ. ಸಾಲಿನಲ್ಲಿ ನಮ್ಮ ಮಗಳು ಎಲ್ಲಿದ್ದಾಳೆ ಅಂತ ಹುಡುಕುತ್ತೇವೆ.

ದಸರೆ ರಜೆ ಕಳೆಯಿತು ಅನ್ನಿ. ಆಗ ಹತ್ತಿ ಒಡೆಯುತ್ತದೆ. ಹತ್ತಿ ಒಂದು ದಿನಕ್ಕೆ ಮುಗಿಯುವ ಬೆಳೆ ಅಲ್ಲ. ಕಾಯಿ ಒಡೆದ ಹಾಗೆ ಮೂರು ಸಲ, ನಾಲ್ಕು ಸಲ ಬಿಡಿಸಬೇಕು. ಕೂಲಿ ಕಿಲೋ ಲೆಕ್ಕದಲ್ಲಿ. ಎರಡು ಕೈಗಿಂತ ನಾಲ್ಕು ಕೈ ಇದ್ದರೆ ಚೀಲ ಬೇಗ ತುಂಬುತ್ತದೆ. ಹಾಗಾಗಿ ಮಗಳೂ ನಮ್ಮ ಜೊತೆ ಹೊರಡುತ್ತಾಳೆ. ಇಲ್ಲವೇ ಮನೆಯಲ್ಲಿ ಕೂಸು ಆಡಿಸುತ್ತಾ ಉಳಿಯುತ್ತಾಳೆ. ಗಂಡು ಹುಡುಗನನ್ನು ಕೂಸು ನೋಡಲು ಉಳಿಸುವುದು ಕಡಿಮೆ. ಇದನ್ನು ನಾವೇ ಒಪ್ಪಿಕೊಳ್ಳಬೇಕು.

"ಹುಡುಗಿ ಯಾಕೆ ಬಂದಿಲ್ಲ?" ಅಂತ ಟೀಚರು ಕೇಳುತ್ತಾರೆ.

"ಹತ್ತಿ ಬಿಡಿಸಾಕ ಹೋಗ್ಯಾಳ್ರಿ, ನಾಳೆ ಕಳಸ್ತೀನ್ರಿ" ಅನ್ನುತ್ತೇವೆ.

ಆ ನಾಳೆ ಸಂಕ್ರಾಂತಿಗೆ ಬರುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ಒಂದರಿಂದ ಐದನೇ ತರಗತಿವರೆಗೆ ವರ್ಷಕ್ಕೆ ಕಡಿಮೆ ಅಂದರೂ 200 ದಿನ ಶಾಲೆ ನಡೆಯಬೇಕು. ಹಾಗಂತ ಕಾನೂನಿದೆ. ಹತ್ತಿ, ತೊಗರಿ ಅಂತ ಮಗಳು 50 ದಿನ ತಪ್ಪಿಸಿದಳು. 200ರಲ್ಲಿ 50 ಅಂದರೆ ಕಾಲು ಭಾಗ. ನಾಲ್ಕು ರೊಟ್ಟಿಯಲ್ಲಿ ಒಂದು ರೊಟ್ಟಿ ಹೋದಂತೆ.

ಆ 50 ದಿನ ಪಾಠ ನಿಂತಿರುವುದಿಲ್ಲ. ಬೇರೆ ಮಕ್ಕಳು ಮಗ್ಗಿ ಕಲಿತು ಭಾಗಾಕಾರಕ್ಕೆ ಹೋಗಿರುತ್ತಾರೆ. ಇವಳು ತಿರುಗಿ ಬಂದಾಗ ಹಲಗೆಯ ಮೇಲೆ ಬರೆದದ್ದು ತಿಳಿಯುವುದಿಲ್ಲ. ಹಿಂದಿನ ಸಾಲಿಗೆ ಹೋಗಿ ಕೂಡುತ್ತಾಳೆ. ಕೇಳಲು ನಾಚಿಕೆ. ಒಂದು ದಿನ ಮನೆಗೆ ಬಂದು, "ಯವ್ವಾ, ನಾ ಶಾಲೀಗೆ ಒಲ್ಲೆ" ಅನ್ನುತ್ತಾಳೆ. ಅವಳ ತಲೆಗೆ ವಿದ್ಯೆ ಹತ್ತುವುದಿಲ್ಲ ಅಂತ ನಾವು ತಿಳಿಯುತ್ತೇವೆ. ತಲೆ ಚೆನ್ನಾಗಿಯೇ ಇದೆ. ತಪ್ಪಿದ್ದು ದಿನ.

ನಮ್ಮಲ್ಲಿ ಎಷ್ಟೋ ಜನ ಶಾಲೆ ಬಿಟ್ಟದ್ದು ಹೀಗೆಯೇ ಅಲ್ಲವೇ? ಬಿಡು ಅಂತ ಯಾರೂ ಹೇಳಲಿಲ್ಲ. ಒಂದು ಸುಗ್ಗಿಗೆ ಹೋದೆವು. ತಿರುಗಿ ಶಾಲೆಗೆ ಹೋಗಲಿಲ್ಲ.

ನಾವು ಚಿಕ್ಕವರಿದ್ದಾಗ ಶಾಲೆಯಲ್ಲಿ ಊಟ ಇರಲಿಲ್ಲ. 1995ರಲ್ಲಿ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ ಕೊಡುವ ಯೋಜನೆ ಬಂತು. ನೂರಕ್ಕೆ ಎಂಬತ್ತು ದಿನ ಹಾಜರಿ ಇದ್ದರೆ ಮಾತ್ರ. ಆದರೆ ಆ ಧಾನ್ಯ ಮನೆಯ ಗಡಿಗೆಗೆ ಬೀಳುತ್ತಿತ್ತು. ಹಸಿದ ಮಗು ಶಾಲೆಯಲ್ಲಿ ಹಸಿದೇ ಇರುತ್ತಿತ್ತು. 2002ರಲ್ಲಿ ರಾಯಚೂರು, ಕೊಪ್ಪಳ ಸೇರಿ ಏಳು ಜಿಲ್ಲೆಗಳ ಶಾಲೆಯಲ್ಲೇ ಅಡುಗೆ ಶುರುವಾಯಿತು. ಆಮೇಲೆ ಇಡೀ ರಾಜ್ಯಕ್ಕೆ ಬಂತು. 2013ರಿಂದ ಹಾಲೂ ಕೊಡುತ್ತಾರೆ. ಅಡುಗೆ ಮಾಡುವವರು ನಮ್ಮ ಊರಿನ ಹೆಂಗಸರೇ. ಮಗಳು ಶಾಲೆಯಲ್ಲಿದ್ದರೆ ಅವಳ ಮಧ್ಯಾಹ್ನದ ಊಟದ ಚಿಂತೆ ನಮಗಿಲ್ಲ. ಹೊಲಕ್ಕೆ ಕರೆದೊಯ್ದರೆ ಅವಳಿಗೂ ಬುತ್ತಿ ಕಟ್ಟಬೇಕು.

ಕೂಸಿನ ಮಾತೇನು? ಮೂರು ವರ್ಷ ತುಂಬಿದ ಮಗುವನ್ನು ಅಂಗನವಾಡಿಗೆ ಬಿಡಬಹುದು. ಅದಕ್ಕಿಂತ ಚಿಕ್ಕ ಮಕ್ಕಳಿಗೆ 2023ರಿಂದ ಹಲವು ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆದಿದ್ದಾರೆ. ನಿಮ್ಮ ಊರಲ್ಲಿ ಇದೆಯೇ ಅಂತ ಪಂಚಾಯಿತಿಯಲ್ಲಿ ಕೇಳಿ.

ಕೂಲಿಯ ಕಾನೂನೂ ತಿಳಿದಿರಲಿ. 2016ರಲ್ಲಿ ತಿದ್ದಿದ ಕಾನೂನು ಹೀಗಿದೆ: 14 ವರ್ಷ ತುಂಬದ ಮಗುವನ್ನು ಯಾರೂ ಕೂಲಿಗೆ ಇಟ್ಟುಕೊಳ್ಳುವಂತಿಲ್ಲ. ನಮ್ಮದೇ ಹೊಲದಲ್ಲಿ ಮಗು ಕೈ ಜೋಡಿಸಬಹುದು. ಅದೂ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ.

ಇನ್ನು ಗುಳೆ. ಹಿಂಗಾರಿ ಕೈಕೊಟ್ಟರೆ ದೀಪಾವಳಿ ಮುಗಿಸಿ ಬೆಂಗಳೂರಿಗೋ ಗೋವೆಗೋ ಹೊರಡುತ್ತೇವೆ. ಅದು ಹೊಟ್ಟೆಯ ಪಾಡು. ಹೋಗಬೇಡಿ ಅಂತ ನಾವು ಹೇಳಲಾರೆವು. ಮನೆಯಲ್ಲಿ ಅಜ್ಜಿ ಇದ್ದರೆ ಮಕ್ಕಳನ್ನು ಅವಳ ಹತ್ತಿರ ಬಿಡುವುದು ಒಳ್ಳೆಯದು. ಗುಳೆ ಹೋದವರ ಮಕ್ಕಳಿಗೆ ಅಂತಲೇ ಕೆಲವು ಕಡೆ ಹಂಗಾಮಿನ ವಸತಿ ಶಾಲೆ ನಡೆಸುತ್ತಾರೆ. ಮುಖ್ಯ ಗುರುಗಳನ್ನು ಕೇಳಿ. ಮಕ್ಕಳನ್ನು ಕರೆದುಕೊಂಡೇ ಹೋಗಬೇಕೆ? ಹಾಗಾದರೆ ಹೊರಡುವ ಮುಂಚೆ ಟಿ.ಸಿ. ಕೇಳಿ ಪಡೆಯಿರಿ. ತಡ ಮಾಡದೆ ಕೊಡಬೇಕು ಅಂತ ಕಾನೂನಿದೆ. ಹೋದ ಊರಿನ ಸರ್ಕಾರಿ ಶಾಲೆಗೆ ಮಗುವನ್ನು ಕರೆದೊಯ್ಯಿರಿ. ಟಿ.ಸಿ. ಬಂದಿಲ್ಲ, ಹುಟ್ಟಿದ ದಿನದ ಕಾಗದ ಇಲ್ಲ, ವರ್ಷದ ನಡುವೆ ಬಂದಿದ್ದೀರಿ ಅಂತ ಅವರು ತಿರುಗಿ ಕಳಿಸುವಂತಿಲ್ಲ. ಇದು 2009ರ ಶಿಕ್ಷಣ ಹಕ್ಕಿನ ಕಾನೂನು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಅದು ಸೇರಿದ್ದು.

ಇದನ್ನೆಲ್ಲ ಎಲ್ಲಿ ಮಾತಾಡುವುದು? ಶಾಲೆಗೆ ಒಂದು ಸಮಿತಿ ಇದೆ. ಎಸ್‌ಡಿಎಂಸಿ ಅನ್ನುತ್ತಾರೆ. ನಮ್ಮ ರಾಜ್ಯದಲ್ಲಿ 2001ರಿಂದ ಇದೆ. ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಜನ ಮಕ್ಕಳ ತಂದೆತಾಯಿ, ಅರ್ಧ ಜನ ಹೆಂಗಸರು ಇರಬೇಕು ಅನ್ನುತ್ತದೆ ಅದೇ ಕಾನೂನು. ಆದರೆ ಎಷ್ಟೋ ಕಡೆ ಹೆಸರು ಹೆಂಡತಿಯದು, ಸಭೆಗೆ ಹೋಗುವವನು ಗಂಡ. ನಿಮ್ಮ ಹೆಸರಿದ್ದರೆ ನೀವೇ ಹೋಗಿ.

ದಸರೆಗೆ ಮುಂಚಿನ ಸಭೆ ತಪ್ಪಿಸಬೇಡಿ. ಹಾಜರಿ ಪುಸ್ತಕ ತೋರಿಸಿ ಅಂತ ಕೇಳಿ. ಹೋದ ವರ್ಷ ಹತ್ತಿಯ ಕಾಲದಲ್ಲಿ ಯಾವ ಹುಡುಗಿಯರು ಬರಲಿಲ್ಲ ಅಂತ ಹೆಸರು ಓದಿ. ಈಗ ನಿಮಗೆ ಓದಲು ಬರುತ್ತದಲ್ಲ! ಅವರ ತಾಯಂದಿರನ್ನು ನಾವು ಮಾತಾಡಿಸಿದರೆ ಆಗುವ ಕೆಲಸ, ನೋಟೀಸು ಕಳಿಸಿದರೆ ಆಗುವುದಿಲ್ಲ.

ಸಭೆ ಮುಗಿದ ಮೇಲೆ ಒಂದು ಪುಸ್ತಕ ನಿಮ್ಮ ಮುಂದೆ ಬರುತ್ತದೆ. "ಇಲ್ಲಿ ಹೆಬ್ಬೆಟ್ಟು ಒತ್ರಿ" ಅಂತ ಹಳೇ ರೂಢಿಯಲ್ಲಿ ಯಾರಾದರೂ ಅಂದಾರು. ಸಹಿ ಮಾಡುವ ಮೊದಲು ಮೇಲೆ ಬರೆದದ್ದನ್ನು ನಿಧಾನವಾಗಿ ಓದಿ. ಆ ಹುಡುಗಿಯರ ಮಾತು ಅದರಲ್ಲಿ ಇಲ್ಲವೇ? "ಅದನ್ನೂ ಬರೀರಿ" ಅನ್ನಿ. ಬರೆಯುವವರೆಗೆ ಪೆನ್ನು ನಿಮ್ಮ ಕೈಯಲ್ಲೇ ಇರಲಿ.