ಚಗಳಿ ಸಾಲಿನ ಪಕ್ಕದ ವೇಷಧಾರಿಗಳು

ಮಾವು, ಗೇರು ಮರಗಳಲ್ಲಿ ಹಸಿ ಎಲೆಗಳನ್ನು ಸೇರಿಸಿ ಗೂಡು ಕಟ್ಟುವ ಕೆಂಪಿರುವೆ ಮಲೆನಾಡಿನವರಿಗೆ ಚಗಳಿ. ಎಲೆಗಳ ಅಂಚು ಹೊಂದಿಸಿ ಹಿಡಿಯುವುದು ದೊಡ್ಡ ಇರುವೆಗಳ ಕೆಲಸ. ನೂಲು ಬರುವುದು ಮರಿಗಳಿಂದ. ಕೆಲಸದ ಇರುವೆ ಮರಿಯನ್ನು ಬಾಯಲ್ಲಿ ಹಿಡಿದು ಲಾಳಿಯಂತೆ ಆಚೀಚೆ ಆಡಿಸುತ್ತದೆ. ಆದರೆ ಆ ಕೊಂಬೆಯಲ್ಲಿ ಓಡಾಡುವುದೆಲ್ಲ ಚಗಳಿಯೇ ಎಂದುಕೊಳ್ಳಬೇಡಿ.

ಸಾಲು ಬಿಟ್ಟು ಒಂಟಿಯಾಗಿ ಅಲೆಯುವ ಇರುವೆ ಕಂಡರೆ ಕಾಲೆಣಿಸಿ. ಕೀಟಕ್ಕೆ ಆರು ಕಾಲು, ಒಂದು ಜೊತೆ ಕುಡಿಮೀಸೆ, ಮೂರು ಭಾಗದ ದೇಹ. ಜೇಡಕ್ಕೆ ಎಂಟು ಕಾಲು, ಎರಡೇ ಭಾಗ, ಕುಡಿಮೀಸೆ ಇಲ್ಲ. ಈ ಲೆಕ್ಕವನ್ನೇ ತಪ್ಪಿಸುವ ಜಿಗಿಯುವ ಜೇಡವೊಂದಿದೆ: ಮಿರ್ಮಪ್ಲಾಟ ಪ್ಲಾಟಲಿಯಾಯ್ಡಿಸ್. ಅದು ಮುಂಗಾಲುಗಳನ್ನು ಎತ್ತಿ ಕುಡಿಮೀಸೆಯಂತೆ ಆಡಿಸುತ್ತ, ಉಳಿದ ಆರರಲ್ಲಿ ನಡೆಯುತ್ತದೆ. ಮುಂಭಾಗ ನಡುವೆ ಕಿರಿದಾಗಿರುವುದರಿಂದ ತಲೆ, ಎದೆ ಬೇರೆಬೇರೆ ಎನಿಸುತ್ತವೆ. ಗಂಡಿನ ಕೋರೆಗಳಂತೂ ಮುಂದಕ್ಕೆ ಎಷ್ಟು ಚಾಚಿಕೊಂಡಿವೆಯೆಂದರೆ, ಒಂದು ಇರುವೆ ಇನ್ನೊಂದನ್ನು ಕಚ್ಚಿಕೊಂಡು ಹೊರಟಂತೆ ಕಾಣುತ್ತದೆ.

ಈ ವೇಷ ಪ್ರಾಣ ಉಳಿಸಿಕೊಳ್ಳಲು. ಚಗಳಿ ಕಚ್ಚುತ್ತದೆ, ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ, ಗುಂಪುಗೂಡಿ ಏರಿ ಬರುತ್ತದೆ. ಅದರ ತಂಟೆಗೆ ಹೋಗುವ ಬೇಟೆಗಾರರು ಕಡಿಮೆ. ಅಪಾಯಕಾರಿಯ ರೂಪ ತೊಟ್ಟು ನಿರುಪದ್ರವಿ ಬದುಕಿಕೊಳ್ಳುವ ಈ ಉಪಾಯವನ್ನು ಅಮೆಜಾನಿನ ಚಿಟ್ಟೆಗಳಲ್ಲಿ ಗುರುತಿಸಿ 1862ರಲ್ಲಿ ವಿವರಿಸಿದವರು ಹೆನ್ರಿ ವಾಲ್ಟರ್ ಬೇಟ್ಸ್.

ಅದೇ ಮರದಲ್ಲಿ ಇನ್ನೊಂದು ವೇಷಧಾರಿಯೂ ಇರಬಹುದು: ಅಮೈಸಿಯಾ ಫೋರ್ಟಿಸೆಪ್ಸ್ ಎಂಬ ಏಡಿ ಜೇಡ. ಇದರ ಹಿಂಬದಿಯಲ್ಲಿ ಎರಡು ಕಪ್ಪು ಚುಕ್ಕೆಗಳಿದ್ದು, ಅದೇ ಇರುವೆಯ ತಲೆಯಂತೆ ತೋರುತ್ತದೆ. ಇದರ ಉದ್ದೇಶ ಮಾತ್ರ ಬೇರೆ. ನರಳುವ ಇರುವೆಯಂತೆ ನಟಿಸಿ, ಹತ್ತಿರ ಬಂದ ಚಗಳಿಯನ್ನು ಹಿಡಿದು ತಿನ್ನುತ್ತದೆ.

ಮೂರನ್ನೂ ಬಿಡಿಸಿ ಗುರುತಿಸಲು ಬಣ್ಣ, ಆಕಾರ ನಂಬಿದರೆ ಸಾಲದು. ಎದುರಿಗೆ ನಿಜವಾದ ಚಗಳಿ ಬರುವವರೆಗೆ ಕಾಯಿರಿ. ಇರುವೆಯಾದರೆ ಕುಡಿಮೀಸೆ ತಾಗಿಸಿ ವಿಚಾರಿಸಿಕೊಳ್ಳುತ್ತದೆ. ಜಿಗಿಯುವ ಜೇಡ ದಾರಿ ಬಿಟ್ಟು ಸರಿಯುತ್ತದೆ, ಇಲ್ಲವೇ ನೂಲು ಬಿಟ್ಟು ಕೆಳಗಿಳಿಯುತ್ತದೆ. ಏಡಿ ಜೇಡ ಹೊಂಚುತ್ತದೆ. ಭೂತಗನ್ನಡಿಯೋ ಮೊಬೈಲ್ ಕ್ಯಾಮೆರಾವೋ ಇದ್ದರೆ ಸಾಕು. ಕೊಂಬೆಗೆ ಕೈ ಮಾತ್ರ ತಾಗಿಸಬೇಡಿ, ಅಲ್ಲಿ ಅಸಲಿ ಚಗಳಿಗಳೇ ಹೆಚ್ಚು.