ರೇಷ್ಮೆ ಹುಳುಮನೆಯ ಶಾಖ, ತೇವ ಮತ್ತು ಗಾಳಿ

ರೇಷ್ಮೆಯ ಬೆಳೆ ಕೆಟ್ಟಾಗ ನಮ್ಮ ಗ್ರಾಮಗಳಲ್ಲಿ ಮೊದಲು ಮೊಟ್ಟೆಯನ್ನೂ, ಅನಂತರ ಸೊಪ್ಪನ್ನೂ, ಕಡೆಗೆ ಕಣ್ಣಿನ ದೃಷ್ಟಿಯನ್ನೂ ದೂರುವ ವಾಡಿಕೆಯುಂಟು. ಹುಳುಮನೆಯ ಹವೆಯನ್ನು ದೂರುವವರು ವಿರಳ. ಕಳೆದ ಬೇಸಗೆಯಲ್ಲಿ ನಾನು ಸಂದರ್ಶಿಸಿದ ಒಂದು ಗ್ರಾಮದಲ್ಲಿ ನೆರೆಹೊರೆಯ ಇಬ್ಬರು ರೈತರು ಒಂದೇ ದಿನ, ಒಂದೇ ಚಾಕಿ ಕೇಂದ್ರದಿಂದ, ತಲಾ ನೂರು ಮೊಟ್ಟೆಯ ಹುಳುಗಳನ್ನು ತಂದಿದ್ದರು. ಇಬ್ಬರಿಗೂ ಸೊಪ್ಪು ಒಂದೇ ತೋಟದ್ದು. ಹೆಂಚಿನ ಮನೆಯವನಿಗೆ ಗೂಡು ಬಂದಿತು. ತಗಡಿನ ಮನೆಯವನ ಹುಳುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಾಲ್ಕನೆಯ ಜ್ವರ ಎದ್ದ ಆರನೆಯ ದಿನ ಸಪ್ಪೆ ರೋಗದಿಂದ ಸತ್ತುವು. ಆತನು ಹೆಂಡತಿಯ ಒಡವೆಯನ್ನು ಒತ್ತೆಯಿಟ್ಟು ಸಾಕಣೆ ಹಿಡಿದವನು. ಮಧ್ಯಾಹ್ನ ಮೂರು ಘಂಟೆಗೆ ಆ ಕೋಣೆಯಲ್ಲಿ ಉಷ್ಣಮಾಪಕವನ್ನು ತೂಗಹಾಕಿ ನೋಡಲಾಗಿ 36 ಡಿಗ್ರಿ ಇದ್ದಿತು.

ಹುಳುವಿಗೆ ನಮ್ಮಂತೆ ಸ್ವಂತ ಮೈಶಾಖವಿಲ್ಲವು. ಸುತ್ತಣ ಹವೆಯ ಶಾಖವೇ ಅದರ ಮೈಶಾಖ. ಹವೆಯು 20 ಡಿಗ್ರಿಗಿಂತ ತಣ್ಣಗಾದರೆ ಮೇವು ತಿನ್ನುವುದು ನಿಧಾನವಾಗಿ, ಹುಳುಗಳು ಏಕರೀತಿಯಾಗಿ ಬೆಳೆಯದೆ ಹಿಂದುಮುಂದಾಗುವುವು. 30 ಡಿಗ್ರಿಯನ್ನು ಮೀರಿದರೆ ಆರೋಗ್ಯವೇ ಕೆಡುವುದು. ಹಿಂದಿನಿಂದ ನಮ್ಮಲ್ಲಿರುವ ಮೈಸೂರು ತಳಿಯು ಸೆಕೆಯನ್ನು ಬಹುಮಟ್ಟಿಗೆ ಸಹಿಸುವುದು; ಹೆಚ್ಚು ನೂಲು ಕೊಡುವ ದ್ವಿತಳಿಯ ಹುಳುವಾದರೋ ಸುಕುಮಾರಿ. ತಳಿಯನ್ನು ಬದಲಿಸಿ ಮನೆಯನ್ನು ಹಾಗೆಯೇ ಬಿಟ್ಟವರೇ ಈಗ ಹೆಚ್ಚಾಗಿ ನಷ್ಟಪಡುತ್ತಿರುವರು.

ಇನ್ನು ತೇವದ ವಿಷಯ. ಇದೇ ಬಹುಮಂದಿಗೆ ಬಗೆಹರಿಯದಿರುವುದು, ಏಕೆಂದರೆ ಮರಿಹುಳುವಿಗೆ ಬೇಕಾದುದೂ ದೊಡ್ಡ ಹುಳುವಿಗೆ ಬೇಕಾದುದೂ ಪರಸ್ಪರ ವಿರುದ್ಧ. ಮರಿಗೆ ಹಾಕುವ ಕತ್ತರಿಸಿದ ಸೊಪ್ಪು ಒಣಹವೆಯಲ್ಲಿ ಬೇಗನೆ ಬಾಡುವುದು. ಬಾಡಿದುದನ್ನು ಅದು ತಿನ್ನಲಾರದು. ಆದುದರಿಂದ ಮೊದಲನೆಯ ಹಂತದಲ್ಲಿ ಶಾಖವು 28 ಡಿಗ್ರಿ, ತೇವವು ನೂರಕ್ಕೆ 85 ರಿಂದ 90 ಇರತಕ್ಕದ್ದು. ಮೇಣದ ಕಾಗದ ಹೊದಿಸಿ ಸುತ್ತಲೂ ಒದ್ದೆ ಪಟ್ಟಿಯನ್ನಿಡುವುದು ಇದಕ್ಕಾಗಿಯೇ. ಅದರಿಂದಾಚೆಗೆ ಹಂತಹಂತಕ್ಕೂ ಒಂದೊಂದು ಡಿಗ್ರಿ ಇಳಿಸುತ್ತ ಬಂದು, ಐದನೆಯ ಹಂತದಲ್ಲಿ 24 ಡಿಗ್ರಿ, ತೇವ ನೂರಕ್ಕೆ 65 ರಿಂದ 70 ಇದ್ದರೆ ಸಾಕು. ಹುಳುವು ತನ್ನ ಆಯುಸ್ಸಿನಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಕ್ಕೂ ಹೆಚ್ಚು ಪಾಲನ್ನು ಈ ಕಡೆಯ ಹಂತದಲ್ಲಿಯೇ ತಿನ್ನುವುದು. ಸೊಪ್ಪಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಆ ನೀರು ಮೈಯಿಂದ ಆವಿಯಾಗಿ ಹೋದರೆ ಮಾತ್ರ ಹುಳು ತಂಪಾಗಿರುವುದು. ಹವೆ ತೇವದಿಂದ ತುಂಬಿದ್ದು ಗಾಳಿಯಾಡದಿದ್ದರೆ ಆವಿ ಹೋಗದು, ಹಿಕ್ಕೆ ನೀರಾಗುವುದು, ಹಾಸಿಗೆ ಹುಳಿತು ನಾರುವುದು. ಸೆಕೆಯ ದಿನ ನೆಲಕ್ಕೆ ನೀರು ಚೆಲ್ಲಿ ಕಿಟಕಿ ಮುಚ್ಚುವವರು ಒಳ್ಳೆಯದನ್ನೆಣಿಸಿ ಕೆಟ್ಟದ್ದನ್ನೇ ಮಾಡಿದಂತಾಗುವುದು.

ಹುಳು ಜ್ವರಕ್ಕೆ ಕೂತಾಗ ಹೊದಿಕೆ ತೆಗೆದು, ಅರಳಿದ ಸುಣ್ಣದ ಪುಡಿಯನ್ನು ತೆಳುವಾಗಿ ಉದುರಿಸಿ ಹಾಸಿಗೆಯನ್ನು ಒಣಗಿಸತಕ್ಕದ್ದು. ಮಳೆಗಾಲ ಚಳಿಗಾಲಗಳಲ್ಲಿ ಇದನ್ನು ತಪ್ಪಿಸಿದ ಮನೆಗಳಲ್ಲಿಯೇ ಸುಣ್ಣಕಟ್ಟು ರೋಗವನ್ನು ನಾನು ಹೆಚ್ಚಾಗಿ ಕಂಡಿರುವೆನು.

ತಗಡಿನ ಮನೆಯವನು ಕಿಟಕಿಗಳನ್ನು ಗೋಣಿಯಿಂದ ಬಿಗಿದುದಕ್ಕೆ ಕಾರಣ ಕೇಳಿದೆನು. ಊಜಿ ನೊಣದ ಭಯ ಎಂದನು. 1980 ರಲ್ಲಿ ಈ ನೊಣವು ನಮ್ಮ ನಾಡಿಗೆ ಬಂದಂದಿನಿಂದ ಭಯವೇನೋ ಸಹಜವೇ. ಆದರೆ ಸಣ್ಣ ಕಣ್ಣಿನ ನೈಲಾನ್ ಬಲೆಯು ನೊಣವನ್ನು ತಡೆದು ಗಾಳಿಯನ್ನು ಬಿಡುವುದು. ಗೋಣಿಯು ಎರಡನ್ನೂ ತಡೆಯುವುದು.

ಹೊಸದಾಗಿ ಹುಳುಮನೆ ಕಟ್ಟುವವರು, ಅಥವಾ ತಮ್ಮ ಒಕ್ಕಲುಗಳಿಗೆ ಕಟ್ಟಿಸಿಕೊಡುವ ಹಿಡುವಳಿದಾರರು, ಉದ್ದನೆಯ ಗೋಡೆಗಳಿಗೆ ಬಿಸಿಲು ಬಡಿಯದಂತೆ ಮನೆಯನ್ನು ಪೂರ್ವಪಶ್ಚಿಮವಾಗಿ ನಿಲ್ಲಿಸಿ, ಉತ್ತರ ದಕ್ಷಿಣಗಳಿಗೆ ಎದುರುಬದುರಾಗಿ ಕಿಟಕಿಗಳನ್ನಿಡಲಿ. ಇರುವ ತಗಡಿನ ಮೇಲೆ ತೆಂಗಿನ ಗರಿಯನ್ನು ದಪ್ಪನಾಗಿ ಹೊದಿಸುವುದಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. ಒಣಗೋಲ, ಒದ್ದೆಗೋಲಗಳುಳ್ಳ ಉಷ್ಣಮಾಪಕವೊಂದನ್ನು ಗ್ರಾಮದ ಮುಖಂಡರು ತರಿಸಿ ನಾಲ್ಕಾರು ಮನೆಗಳಿಗೆ ಸರದಿಯಲ್ಲಿ ಕೊಡಬಹುದು. ಒಣಗೋಲವು 28, ಒದ್ದೆಗೋಲವು 26 ತೋರಿಸಿದರೆ ತೇವ ನೂರಕ್ಕೆ ಸುಮಾರು 85. 25 ಮತ್ತು 21 ತೋರಿಸಿದರೆ ಸುಮಾರು 70. ಅಂತರ ಹೆಚ್ಚಿದಷ್ಟೂ ಹವೆ ಒಣಗಿದೆಯೆಂದು ತಿಳಿಯತಕ್ಕದ್ದು.

ಹಣ್ಣುಹುಳುವನ್ನು ಚಂದ್ರಿಕೆಗೆ ಬಿಟ್ಟ ಮೇಲೆ ಕೆಲಸ ತೀರಿತೆಂದು ಚಂದ್ರಿಕೆಗಳನ್ನು ಕತ್ತಲೆಯ ಮೂಲೆಯಲ್ಲಿ ಒತ್ತೊತ್ತಾಗಿ ಒರಗಿಸುವುದುಂಟು. ಹುಳುವು ಗೂಡು ಕಟ್ಟುವ ಮುನ್ನ ನೀರನ್ನು ಹೊರಬಿಡುವುದು. ಆ ತೇವ ಆರದಿದ್ದರೆ ಎಳೆಯ ಮೇಲಣ ಅಂಟು ಕೂಡಲೇ ಒಣಗದೆ ಎಳೆ ಎಳೆಗೆ ಗಟ್ಟಿಯಾಗಿ ಕಚ್ಚಿಕೊಳ್ಳುವುದು; ಬಿಚ್ಚುವಾಗ ನೂಲು ಕಡಿಯುವುದು. ಮಾರುಕಟ್ಟೆಯಲ್ಲಿ ಅಂತಹ ಗೂಡಿನ ಬೆಲೆ ಇಳಿಯುವುದು. ಚಂದ್ರಿಕೆಗಳನ್ನು ಗಾಳಿ ನುಸುಳುವಷ್ಟು ಅಂತರದಲ್ಲಿ, ಬಿಸಿಲು ತಾಗದ ಜಗಲಿಯಲ್ಲಿ ನಿಲ್ಲಿಸಿ, ತೇವವು ನೂರಕ್ಕೆ 60 ರಿಂದ 65 ಇರುವಂತೆ ನೋಡಿಕೊಳ್ಳತಕ್ಕದ್ದು.